ತೂಕವಿಲ್ಲದ ಹೂವು: ಚಿಕ್ಕಬಳ್ಳಾಪುರದ ಐದು ಗುಂಟೆಯಲ್ಲಿ ಕಾಸ್ಮೋಸ್

ಚಿಕ್ಕಬಳ್ಳಾಪುರದ ಹತ್ತಿರದ ಒಂದು ಹಳ್ಳಿ. ಎರಡೂವರೆ ಎಕರೆ ಕೆಂಪು ಮಣ್ಣು, ಆಳದ ಒಂದು ಬೋರ್‌ವೆಲ್, ಪೂರ್ತಿ ಡ್ರಿಪ್. ಬೆಳೆ ಸೇವಂತಿಗೆ ಮತ್ತು ಆಸ್ಟರ್, ನಡುನಡುವೆ ಟೊಮೆಟೊ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಕೊಯ್ಲಿಗೆ ಮಾತ್ರ ಊರಿನ ಹೆಂಗಸರು ಬರುತ್ತಾರೆ. ಈ ಮನೆಯ ಅಕ್ಕ ಐದು ಗುಂಟೆಯಲ್ಲಿ ಕಾಸ್ಮೋಸ್ ಬೆಳೆಯಲು ಹೊರಟರು. ಬೆಂಗಳೂರಿನಲ್ಲಿ ಮದುವೆ ಅಲಂಕಾರ ಮಾಡುವ ಒಬ್ಬ ಹುಡುಗಿ ಸೇವಂತಿಗೆ ನೋಡಲು ತೋಟಕ್ಕೆ ಬಂದಿದ್ದಳು. ಬೇಲಿ ಪಕ್ಕ ತಾನಾಗೇ ಎದ್ದಿದ್ದ ಗುಲಾಬಿ ಬಣ್ಣದ ಕಾಸ್ಮೋಸ್ ಕಂಡು, "ಅಕ್ಕಾ, ಇದನ್ನ ಉದ್ದ ಕಡ್ಡಿ ಸಮೇತ ಕೊಟ್ರೆ ನಾನು ತಗೋತೀನಿ, ಸಿಟೀಲಿ ಎಲ್ಲೂ ಸಿಗಲ್ಲ" ಅಂದಳು. ಅಲ್ಲಿಂದ ಶುರು.

ಈ ಕುಟುಂಬ ಮೂರು ಹಂಗಾಮಿನಲ್ಲಿ ಏನು ಮಾಡಿತು, ಎಲ್ಲಿ ಕೈಸುಟ್ಟುಕೊಂಡಿತು, ಎಲ್ಲಿ ದಾರಿ ಸಿಕ್ಕಿತು ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕಾಸ್ಮೋಸ್ ಬಗ್ಗೆ ಸಿಗುವ ಬಹುಪಾಲು ಮಾಹಿತಿ ಇಂಗ್ಲೆಂಡ್, ಅಮೆರಿಕದ ತೋಟಗಳದ್ದು. ಬೀಜ ಚೆಲ್ಲಿ, ನೀರು ಕೊಡಿ, ಎದೆಯೆತ್ತರ ಬೆಳೆಯುತ್ತೆ, ಬಕೆಟ್‌ಗಟ್ಟಲೆ ಹೂ ಕೊಯ್ಯಿರಿ ಎನ್ನುತ್ತವೆ ಅವು. ಅಲ್ಲಿನ ಹಗಲಿಗೆ ಅದು ನಿಜ. ನಮ್ಮ ಹಗಲಿಗೆ ಲೆಕ್ಕ ಬೇರೆ. ಅದನ್ನು ತಿಳಿಯದೆ ಬೀಜಕ್ಕೆ ದುಡ್ಡು ಸುರಿಯುವವರು ಹೆಚ್ಚುತ್ತಿದ್ದಾರೆ ಎಂಬ ಕಳಕಳಿ ನನಗಿದೆ.

ಮೊದಲು ಗಿಡದ ಪರಿಚಯ. ಕಾಸ್ಮೋಸ್ ಮೆಕ್ಸಿಕೊದ್ದು. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂವಿನ ಕುಟುಂಬಕ್ಕೇ ಸೇರಿದ್ದು. ಮೆಕ್ಸಿಕೊದಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯತೋಟಕ್ಕೆ ಹೋದ ಬೀಜದಿಂದ ಬೆಳೆದ ಗಿಡಕ್ಕೆ 1791ರಲ್ಲಿ ಕವನೀಯೆಸ್ ಎಂಬ ಸಸ್ಯವಿಜ್ಞಾನಿ ಈ ಹೆಸರಿಟ್ಟರು. ನಮ್ಮಲ್ಲಿ ಎರಡು ಜಾತಿ ಕಾಣುತ್ತವೆ. ಬಿಳಿ, ಗುಲಾಬಿ, ಕಡುಗೆಂಪು ಬಣ್ಣದ, ಸಬ್ಬಸಿಗೆಯಂಥ ನವಿರು ಎಲೆಯ ಬೈಪಿನ್ನೇಟಸ್ ಒಂದು. ಹಳದಿ, ಕಿತ್ತಳೆ ಬಣ್ಣದ, ಅಗಲ ಎಲೆಯ ಸಲ್ಫ್ಯೂರಿಯಸ್ ಇನ್ನೊಂದು. ರಸ್ತೆ ಬದಿಯಲ್ಲಿ ಮಳೆಗಾಲ ಮುಗಿಯುವಾಗ ಕಿತ್ತಳೆ ಬಣ್ಣ ಚೆಲ್ಲಿ ನಿಲ್ಲುವುದು ಈ ಎರಡನೆಯದು. ಹೂದಾನಿಗೆ, ಮದುವೆ ಅಲಂಕಾರಕ್ಕೆ ಹೆಚ್ಚು ಬೇಡಿಕೆ ಮೊದಲನೆಯದಕ್ಕೆ. ಅಕ್ಕ ಬೆಳೆದದ್ದೂ ಅದನ್ನೇ.

ಮೊದಲ ಹಂಗಾಮು: ಮೊಣಕಾಲೆತ್ತರದ ಹೂವು

ಮದುವೆ ಹಂಗಾಮಿಗೆ ಹೂ ಬೇಕು ಎಂಬ ಲೆಕ್ಕದಲ್ಲಿ ಅಕ್ಟೋಬರ್ ಕೊನೆಗೆ ಬೀಜ ಹಾಕಿದರು. ಬಗೆಬಗೆಯ ಬಣ್ಣ ಬೆರೆತ ಪೊಟ್ಟಣ. ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಗಳಲ್ಲಿ ಒಂದು ವಾರದೊಳಗೆ ಮೊಳಕೆ ಬಂತು. ಕಾಸ್ಮೋಸ್ ಬೀಜ ಮೊಳೆಯುವುದರಲ್ಲಿ ತಕರಾರು ಮಾಡುವುದಿಲ್ಲ. ಮೂರು ವಾರದ ಸಸಿಯನ್ನು ನಾಲ್ಕು ಅಡಿ ಅಗಲದ ಮಡಿಗಳಿಗೆ ನಾಟಿ ಮಾಡಿದರು. ಸಾಲಿನಿಂದ ಸಾಲಿಗೆ ಒಂದು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ, ಮಡಿಗಳ ನಡುವೆ ಎರಡು ಅಡಿ ದಾರಿ. ಐದು ಗುಂಟೆಗೆ ಹೆಚ್ಚುಕಡಿಮೆ ಮೂರೂವರೆ ಸಾವಿರ ಸಸಿ ಹಿಡಿಯಿತು.

ಗಿಡ ಚೆನ್ನಾಗೇ ಹತ್ತಿಕೊಂಡಿತು. ಆದರೆ ಡಿಸೆಂಬರ್ ಹೊತ್ತಿಗೆ ಮೊಣಕಾಲೆತ್ತರ ಆಗುವ ಮೊದಲೇ ತುದಿಯಲ್ಲಿ ಮೊಗ್ಗು. ತೋಟ ನೋಡಲು ಬಲು ಚೆಂದ. ಕೊಯ್ದರೆ ಕಡ್ಡಿ ಒಂದು ಗೇಣು, ಹೆಚ್ಚೆಂದರೆ ಒಂದೂಕಾಲು ಗೇಣು. ಅಲಂಕಾರದ ಹುಡುಗಿ ಕೇಳಿದ್ದು ಒಂದೂವರೆ ಅಡಿಯಿಂದ ಎರಡು ಅಡಿ. ಒಂದೆರಡು ಕಟ್ಟು ಸುಮ್ನೆ ಮುಲಾಜಿಗೆ ಕೊಂಡಳು, ಅಷ್ಟೇ.

ಉಳಿದದ್ದನ್ನು ಅಕ್ಕನ ಯಜಮಾನರು ಸೇವಂತಿಗೆ ಜೊತೆ ಮಂಡಿಗೆ ಒಯ್ದರು. ಮಂಡಿಯಲ್ಲಿ ಬಿಡಿ ಹೂವು ಕೆಜಿ ಲೆಕ್ಕ, ಕಟ್ಟಿದ ಹೂವು ಮಾರು ಲೆಕ್ಕ. ಕಾಸ್ಮೋಸ್ ಎರಡಕ್ಕೂ ಒಗ್ಗದು. ಎಂಟೇ ತೆಳು ಎಸಳು, ತಕ್ಕಡಿಯಲ್ಲಿ ಎಷ್ಟು ಸುರಿದರೂ ಮುಳ್ಳು ಅಲುಗುವುದಿಲ್ಲ. ನಾರಿಗೆ ಕಟ್ಟಿದರೆ ಮಧ್ಯಾಹ್ನದೊಳಗೆ ಎಸಳು ಉದುರುತ್ತದೆ. ದೇವರ ಮುಡಿಗೂ ಹೆಂಗಸರ ಜಡೆಗೂ ಯಾರೂ ಇದನ್ನು ಕೇಳುವುದಿಲ್ಲ. ದಲ್ಲಾಳಿ ಮರ್ಯಾದೆಯಿಂದಲೇ ಹೇಳಿದರು: "ಅಣ್ಣಾ, ಇದು ತೂಕಕ್ಕೂ ಬರಲ್ಲ, ಕಟ್ಟೋಕೂ ಬರಲ್ಲ. ಇನ್ಮೇಲೆ ತರಬೇಡಿ."

ಆ ಮಾತಿನಲ್ಲಿ ಈ ಬೆಳೆಯ ಅರ್ಧ ಪಾಠ ಇದೆ. ನಮ್ಮ ಹೂವಿನ ವ್ಯಾಪಾರ ಬಹುಪಾಲು ನಿಂತಿರುವುದು ತೂಕದ ಮೇಲೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಿಂದ ಹಿಡಿದು ಹೋಬಳಿ ಸಂತೆವರೆಗೆ ಹಾಗೆಯೇ. ಕಡ್ಡಿ ಲೆಕ್ಕದಲ್ಲಿ ನಡೆಯುವ ವ್ಯಾಪಾರ ಗುಲಾಬಿ, ಜರ್ಬೆರಾ, ಕಾರ್ನೇಷನ್‌ನದ್ದು. ಅವು ಪಾಲಿಹೌಸ್ ಬೆಳೆಗಳು. ಹೆಬ್ಬಾಳದ ಹೂವಿನ ಹರಾಜು ಕೇಂದ್ರದಂಥ ಕಡೆ ಅವುಗಳಿಗೆ ದರ್ಜೆ ಇದೆ, ಕೊಳ್ಳುವವರಿದ್ದಾರೆ. ಕಾಸ್ಮೋಸ್ ಎರಡೂ ಗುಂಪಿಗೆ ಸೇರದು. ಬಯಲಲ್ಲಿ ಬೆಳೆಯುತ್ತದೆ, ಆದರೆ ಕಡ್ಡಿಯ ಮೇಲೆಯೇ ಮಾರಬೇಕು. ಹಾಗಾಗಿ ಬೀಜ ಕೊಳ್ಳುವ ಮೊದಲೇ ಗಿರಾಕಿ ಗೊತ್ತಿರಬೇಕು.

ಕಡ್ಡಿ ಯಾಕೆ ಗಿಡ್ಡ ಆಯಿತು?

ಮನೆಯಲ್ಲಿ ತಲೆಗೊಂದು ಮಾತು. ಮಣ್ಣು ಸರಿಯಿಲ್ಲ ಎಂದರು ಒಬ್ಬರು. ಬೀಜ ಕಳಪೆ ಎಂದರು ಇನ್ನೊಬ್ಬರು. ಯಜಮಾನರ ಪ್ರಕಾರ ಗೊಬ್ಬರ ಸಾಲಲಿಲ್ಲ. "ಹೊಟ್ಟೆಗೆ ಹಾಕ್ದಿದ್ರೆ ಗಿಡ ಎಂಗೆ ಎದ್ದೇಳ್ತದೆ?" ಎಂದು ಅವರ ವಾದ.

ನಿಜವಾದ ಕಾರಣ ರಾತ್ರಿಯಲ್ಲಿತ್ತು. ಕಾಸ್ಮೋಸ್ ಹಗಲು ಕುಗ್ಗಿ ರಾತ್ರಿ ಉದ್ದವಾದಾಗ ಬೇಗ ಮೊಗ್ಗು ಕಟ್ಟುವ ಗಿಡ. ಹಗಲು ಉದ್ದ ಇದ್ದಷ್ಟು ದಿನ ಕಾಂಡ, ಎಲೆ ಬೆಳೆಸಿಕೊಳ್ಳುತ್ತದೆ. ಮೆಕ್ಸಿಕೊದ ಬೆಟ್ಟಗಳಲ್ಲಿ ಬೇಸಿಗೆ ಮಳೆಗೆ ಮೊಳೆತು, ಎತ್ತರಕ್ಕೆ ಬೆಳೆದು, ಹಗಲು ಕುಗ್ಗುತ್ತಿದ್ದಂತೆ ಹೂ ಬಿಡುವುದು ಅದರ ಹುಟ್ಟುಗುಣ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ಮೀರುತ್ತದೆ. ಅಲ್ಲಿ ಗಿಡ ಎದೆಯೆತ್ತರ ಆಗುವುದರಲ್ಲಿ ಆಶ್ಚರ್ಯವಿಲ್ಲ. ಚಿಕ್ಕಬಳ್ಳಾಪುರ ಭೂಮಧ್ಯರೇಖೆಯಿಂದ ಹದಿಮೂರು ಚಿಲ್ಲರೆ ಡಿಗ್ರಿ ಉತ್ತರಕ್ಕಿದೆ. ನಮ್ಮ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು, ಹನ್ನೊಂದೂವರೆ ಗಂಟೆಗೆ ಇಳಿಯುತ್ತದೆ. ನವೆಂಬರ್‌ನಲ್ಲಿ ನೆಟ್ಟ ಸಸಿಗೆ ಮೊದಲ ದಿನದಿಂದಲೇ ಹೂ ಬಿಡುವ ಕಾಲ ಬಂದಂತೆ. ಕಾಂಡದಲ್ಲಿ ನಾಲ್ಕಾರು ಗೆಣ್ಣು ಮೂಡುವಷ್ಟರಲ್ಲಿ ತುದಿ ಮೊಗ್ಗಾಗಿಬಿಡುತ್ತದೆ. ತುದಿ ಮೊಗ್ಗಾದ ಮೇಲೆ ಆ ಕಾಂಡ ಮತ್ತೆ ಗೆಣ್ಣು ಕೂಡಿಸುವುದಿಲ್ಲ. ಎಷ್ಟು ಗೊಬ್ಬರ ಸುರಿದರೂ ಅಷ್ಟೇ.

ತಮಾಷೆಗೆ ಹೇಳುತ್ತಿಲ್ಲ, ಈ ವಿಷಯ ಆ ಮನೆಗೆ ಹೊಸದೇನೂ ಆಗಿರಲಿಲ್ಲ. ಸೇವಂತಿಗೆಯೂ ಇದೇ ಗುಣದ ಗಿಡ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿರುತ್ತಾರೆ. ಸೇವಂತಿಗೆ ಬೇಗ ಮೊಗ್ಗಾಗದಿರಲಿ, ಮೊದಲು ಬೆಳೆಯಲಿ ಎಂದು ಹಾಕುವ ಬೆಳಕು ಅದು. ಅಕ್ಕನ ತೋಟದಲ್ಲೂ ಆ ಬಲ್ಬುಗಳಿದ್ದವು. ಕಾಸ್ಮೋಸ್‌ಗೂ ಅದೇ ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಎರಡನೇ ಹಂಗಾಮು: ಎತ್ತರ ಸಿಕ್ಕಿತು, ಗಿಡ ಮಲಗಿತು

ಬಲ್ಬಿನ ತನಕ ಹೋಗುವ ಮೊದಲು, ಖರ್ಚಿಲ್ಲದ ದಾರಿ ನೋಡೋಣ ಎಂದು ಮುಂದಿನ ಬಾರಿ ಮೇ ಕೊನೆಗೆ ಬೀಜ ಹಾಕಿ, ಮೃಗಶಿರ ಮಳೆಯಲ್ಲಿ ನಾಟಿ ಮಾಡಿದರು. ಹಗಲು ವರ್ಷದಲ್ಲೇ ಅತಿ ಉದ್ದ ಇರುವ ಕಾಲ. ಈ ಸಲ ಗಿಡ ಸೊಂಟದೆತ್ತರ ಬಂತು. ಕಡ್ಡಿ ಎರಡು ಅಡಿ ಆರಾಮಾಗಿ ಸಿಗುತ್ತಿತ್ತು.

ಆದರೆ ಈ ಬಾರಿ ಅದನ್ನು ನೆಟ್ಟದ್ದು ಟೊಮೆಟೊ ತೆಗೆದ ಜಾಗದಲ್ಲಿ. ಟೊಮೆಟೊಗೆ ಕೊಟ್ಟ ಗೊಬ್ಬರದ ಶೇಷ ಮಣ್ಣಲ್ಲಿ ಇತ್ತು. ಅದರ ಮೇಲೆ ಯಜಮಾನರು ಡ್ರಿಪ್‌ನಲ್ಲಿ ಇನ್ನೂ ಎರಡು ಸಲ ಯೂರಿಯಾ ಬಿಟ್ಟರು. ಸಾರಜನಕ ಜಾಸ್ತಿ ಆದ ಕಾಸ್ಮೋಸ್ ಸೊಪ್ಪಿನ ಬೆಳೆ ಆಗುತ್ತದೆ. ಎಲೆ ದಟ್ಟ, ಕಾಂಡ ಬೆಂಡು, ಹೂವು ತಡ. ಆಗಸ್ಟ್‌ನಲ್ಲಿ ಎರಡು ದಿನ ಗಾಳಿಮಳೆ ಹೊಡೆಯಿತು. ಅರ್ಧಕ್ಕರ್ಧ ಮಡಿ ನೆಲಕ್ಕೆ ಒರಗಿತು.

ಒರಗಿದ ಗಿಡ ಸಾಯುವುದಿಲ್ಲ. ಬಿದ್ದಲ್ಲೇ ತಲೆ ಎತ್ತಿ ಮತ್ತೆ ಮೇಲಕ್ಕೆ ಬೆಳೆಯುತ್ತದೆ, ಹೂವೂ ಬಿಡುತ್ತದೆ. ಮನೆಯಂಗಳದ ಗಿಡವಾದರೆ ಅದಕ್ಕೇನೂ ಚಿಂತೆಯಿಲ್ಲ. ಮಾರುವ ಕಡ್ಡಿಗೆ ಮಾತ್ರ ಅಲ್ಲಿಗೆ ಕಥೆ ಮುಗಿಯಿತು, ಏಕೆಂದರೆ ಪ್ರತಿ ಕಡ್ಡಿಯೂ ಕುಡುಗೋಲಿನಂತೆ ಬಾಗಿರುತ್ತದೆ. ಹೂದಾನಿಯಲ್ಲಿ ನಿಲ್ಲದು, ಕಟ್ಟಿನಲ್ಲಿ ಕೂರದು.

ಈ ಹಂಗಾಮಿನಲ್ಲಿ ಇನ್ನೂ ಒಂದು ಪೆಟ್ಟು ಬಿತ್ತು. ಒಳ್ಳೆ ಕಡ್ಡಿ ಸಿಗಲು ಶುರುವಾದಾಗ ಆಷಾಢ. ಶ್ರಾವಣದಲ್ಲಿ ಸ್ವಲ್ಪ ಹೋಯಿತು. ಮುಂದೆ ಪಿತೃಪಕ್ಷ. ಈ ಎರಡು ಕಾಲದಲ್ಲೂ ಮದುವೆಗಳಿಲ್ಲ. ಹಬ್ಬಕ್ಕೆ ಸೇವಂತಿಗೆ ಬೆಲೆ ಏರಿದರೂ ಕಾಸ್ಮೋಸ್ ಹಬ್ಬದ ಹೂವಲ್ಲವಲ್ಲ. ಅದನ್ನು ಕೇಳುವುದು ಅಲಂಕಾರದವರು, ಬೊಕೆ ಕಟ್ಟುವವರು, ಕೆಲವು ಕೆಫೆಗಳು. ಅವರ ಕೆಲಸ ಜೋರಾಗುವುದು ನವೆಂಬರ್‌ನಿಂದ ಫೆಬ್ರುವರಿವರೆಗೆ. ಧನುರ್ಮಾಸದಲ್ಲಿ ನಮ್ಮ ಮದುವೆಗಳು ನಿಂತರೂ ಕ್ರಿಸ್‌ಮಸ್, ಹೊಸ ವರ್ಷದ ಕಾರ್ಯಕ್ರಮಗಳು ನಡೆಯುತ್ತವೆ.

ಇಲ್ಲಿ ಈ ಪ್ರಕರಣದ ನಿಜವಾದ ಗಂಟು ಕಾಣುತ್ತದೆ. ಗಿಡ ತಾನಾಗಿ ಉದ್ದ ಬೆಳೆಯುವ ಕಾಲದಲ್ಲಿ ಕೊಳ್ಳುವವರಿಲ್ಲ. ಕೊಳ್ಳುವವರಿರುವ ಕಾಲದಲ್ಲಿ ಗಿಡ ತಾನಾಗಿ ಬೆಳೆಯುವುದಿಲ್ಲ. ದಕ್ಷಿಣ ಕರ್ನಾಟಕದಲ್ಲಿ ಯಾರೇ ಕಾಸ್ಮೋಸ್ ಕಡ್ಡಿ ಮಾರಲು ಹೊರಟರೂ ಈ ಗಂಟು ಎದುರಾಗುತ್ತದೆ.

ಮೂರನೇ ಹಂಗಾಮು: ಸೇವಂತಿಗೆಯ ಬಲ್ಬಿನ ಕೆಳಗೆ

ಮೂರನೇ ಸಲ ಐದು ಗುಂಟೆಯಲ್ಲಿ ಎರಡು ಗುಂಟೆ ಮಾತ್ರ ಕಾಸ್ಮೋಸ್‌ಗೆ ಇಟ್ಟರು. ಅದೂ ಒಂದೇ ಸಲಕ್ಕಲ್ಲ, ಒಂದೊಂದು ಗುಂಟೆಯಂತೆ ಎರಡು ಕಂತು. ಜಾಗವನ್ನು ಸೇವಂತಿಗೆಯ ಬಲ್ಬಿನ ಸಾಲಿಗೆ ತಾಗಿಕೊಂಡೇ ಆರಿಸಿದರು. ಹೊಸ ವೈರಿಂಗ್ ಬೇಕಾಗಲಿಲ್ಲ. ಎರಡು ಸಾಲು ಮುಂದಕ್ಕೆ ಎಳೆದರೆ ಸಾಕಾಯಿತು.

ಮೊದಲ ಕಂತಿನ ಬೀಜ ಆಗಸ್ಟ್ ಕೊನೆಗೆ ಟ್ರೇಗೆ ಬಿತ್ತು, ಸೆಪ್ಟೆಂಬರ್ ಮಧ್ಯದಲ್ಲಿ ನಾಟಿ. ನಾಟಿ ಆದ ರಾತ್ರಿಯಿಂದಲೇ ಬೆಳಕು. ರಾತ್ರಿ ಹತ್ತರಿಂದ ಎರಡರವರೆಗೆ, ಟೈಮರ್ ಇಟ್ಟು. ಸಂಜೆಗೆ ಬೆಳಕು ಹಚ್ಚಿ ಹಗಲನ್ನು ಎಳೆಯಬಹುದು. ಆದರೆ ಉದ್ದದ ರಾತ್ರಿಯನ್ನು ನಡುವೆ ತುಂಡು ಮಾಡಿದರೆ ಕಡಿಮೆ ಕರೆಂಟಿನಲ್ಲಿ ಅದೇ ಕೆಲಸ ಆಗುತ್ತದೆ. ಗಿಡ ಅಳೆಯುವುದು ಬಿಡುವಿಲ್ಲದ ಕತ್ತಲೆಯ ಉದ್ದವನ್ನು. ನಡುರಾತ್ರಿ ಬೆಳಕು ಬಿದ್ದರೆ ಅದರ ಪಾಲಿಗೆ ಅವು ಎರಡು ಚಿಕ್ಕ ರಾತ್ರಿಗಳು. ಬಲ್ಬು ತುಂಬಾ ಪ್ರಖರ ಇರಬೇಕಿಲ್ಲ. ಆದರೆ ಬೆಳಕು ಎಲ್ಲ ಗಿಡದ ತಲೆಗೂ ಬೀಳಬೇಕು, ಅದರಲ್ಲಿ ಕೆಂಪಿನ ಪಾಲು ಇರಬೇಕು. ಅದಕ್ಕೇ ನೀಲಿ ಛಾಯೆಯ ಬಿಳಿ ಬಲ್ಬಿಗಿಂತ ಹಳದಿ ಛಾಯೆಯ ಎಲ್‌ಇಡಿ ಒಳ್ಳೆಯದು. ಒಂದು ಮೂಲೆಯ ಬಲ್ಬು ಕೆಟ್ಟು ಕೆಲವು ದಿನ ಯಾರೂ ಗಮನಿಸಿರಲಿಲ್ಲ. ಆ ಮೂಲೆಯ ಗಿಡಗಳು ಮಾತ್ರ ಮೊಣಕಾಲೆತ್ತರದಲ್ಲೇ ಮೊಗ್ಗಾಗಿ ನಿಂತವು. ಬೆಳಕಿನ ಗುಣವನ್ನು ನಂಬದಿದ್ದ ಯಜಮಾನರಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಸಸಿ ಒಂದು ಅಡಿ ಆದಾಗ ಕುಡಿ ಚಿವುಟಿದರು. ನಾಲ್ಕು ಜೊತೆ ಎಲೆ ಉಳಿಸಿ ಮೇಲಿನದನ್ನು ತೆಗೆಯುವುದು. ಬುಡದಿಂದ ನಾಲ್ಕಾರು ಕವಲು ಒಟ್ಟಿಗೆ ಏಳುತ್ತವೆ, ಒಂದೊಂದೂ ಒಂದು ಕಡ್ಡಿಯಾಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಬೆಳಕಿಲ್ಲದೆ ಚಳಿಗಾಲದಲ್ಲಿ ಕುಡಿ ಚಿವುಟಿದರೆ ಕವಲುಗಳೂ ಗಿಡ್ಡದಲ್ಲೇ ಹೂವಾಗುತ್ತವೆ, ಕಡ್ಡಿ ಇನ್ನೂ ಹಾಳು. ಚಿವುಟುವುದೂ ಬೆಳಕೂ ಜೊತೆಯಲ್ಲೇ ಹೋಗಬೇಕು.

ಅಕ್ಟೋಬರ್ ಕೊನೆಗೆ ಕವಲುಗಳು ತೊಡೆಯೆತ್ತರ ಬಂದವು. ಆಗ ಬಲ್ಬು ಆರಿಸಿದರು. ನಂತರದ್ದನ್ನು ನಮ್ಮ ಉದ್ದದ ರಾತ್ರಿಗಳೇ ನೋಡಿಕೊಂಡವು. ಮೊಗ್ಗು ಎಲ್ಲ ಗಿಡದಲ್ಲೂ ಹತ್ತಿರ ಹತ್ತಿರ ಬಂತು, ನವೆಂಬರ್ ಕೊನೆ ವಾರದಿಂದ ಕೊಯ್ಲು ಶುರುವಾಯಿತು. ಬೆಳೆ ಒಂದೇ ಕಾಲಕ್ಕೆ ಕೈಗೆ ಬರುವುದು ಈ ಪದ್ಧತಿಯ ದೊಡ್ಡ ಲಾಭ. ಮದುವೆ ದಿನಾಂಕ ಇಂಥದ್ದು ಎಂದು ಗೊತ್ತಿದ್ದರೆ ಬಲ್ಬು ಯಾವತ್ತು ಆರಿಸಬೇಕು ಎಂದು ಹಿಂದಕ್ಕೆ ಎಣಿಸಬಹುದು. ಇವರ ತೋಟದಲ್ಲಿ ಬೆಳಕು ನಿಲ್ಲಿಸಿದ ಸುಮಾರು ಒಂದು ತಿಂಗಳಿಗೆ ಮೊದಲ ಹೂ ಕೊಯ್ಲಿಗೆ ಬಂತು. ತಳಿ, ಚಳಿ ನೋಡಿಕೊಂಡು ಇದು ಹಿಂದೆ ಮುಂದೆ ಆಗುತ್ತದೆ.

ಗೊಬ್ಬರದ ವಿಷಯದಲ್ಲಿ ಅಕ್ಕ ಈ ಸಲ ಹಟ ಹಿಡಿದರು. ಮಡಿ ಮಾಡುವಾಗ ಹಾಕಿದ ಹಳೆಯ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬಿಟ್ಟರೆ ಬೇರೇನೂ ಇಲ್ಲ. "ನಿಮ್ಮ ಯೂರಿಯಾ ಸೇವಂತ್ಗೆಗೆ ಇಟ್ಕೊಳ್ಳಿ, ಈ ಮಡಿ ಕಡೆ ಬರಬೇಡಿ" ಎಂದು ಯಜಮಾನರಿಗೆ ನೇರವಾಗೇ ಹೇಳಿದರು. ಬೆಳೆಗೆ ಕಡಿಮೆ ಕೊಡುವುದು ಕೃಷಿಕನಿಗೆ ಎಷ್ಟು ಕಷ್ಟ ಎಂದು ಆ ಜಗಳ ನೋಡಿದಾಗ ನನಗೆ ಅರಿವಾಯಿತು. ಬಡ ಮಣ್ಣಿನಲ್ಲಿ ಗಟ್ಟಿ ಕಾಂಡ ಬಿಡುವ ಬೆಳೆಗಳು ನಮ್ಮಲ್ಲಿ ಕಡಿಮೆ. ಅದನ್ನು ಕಣ್ಣಾರೆ ನೋಡುವ ತನಕ ಯಾರಿಗೂ ನಂಬಿಕೆ ಬರುವುದಿಲ್ಲ. ಆಸರೆಗೆ ಮಡಿಯ ಎರಡೂ ಬದಿ ಗೂಟ ನೆಟ್ಟು, ಕಾರ್ನೇಷನ್‌ಗೆ ಬಳಸುವ ಚೌಕ ಕಣ್ಣಿನ ಬಲೆಯನ್ನು ಒಂದು ಅಡಿ ಎತ್ತರದಲ್ಲಿ ಅಡ್ಡಲಾಗಿ ಎಳೆದರು. ಗಿಡ ಆ ಕಣ್ಣುಗಳ ಮೂಲಕ ಮೇಲೆದ್ದಿತು. ಚಿತ್ತಾ ಮಳೆ ಜೋರಾಗೇ ಬಂದರೂ ಒಂದು ಮಡಿಯೂ ಮಲಗಲಿಲ್ಲ. ಬಲೆಯನ್ನು ಗಿಡ ಗೇಣುದ್ದ ಇದ್ದಾಗಲೇ ಹಾಕಬೇಕು, ಬೆಳೆದ ಮೇಲೆ ತೂರಿಸಲು ಹೋದರೆ ಕುಡಿ ಮುರಿಯುತ್ತದೆ.

ಜೇನು ಬರುವ ಮೊದಲು

ಕೊಯ್ಲಿನಲ್ಲಿ ಅಕ್ಕನಿಗಿದ್ದ ಅನುಭವವೇ ಮೊದಮೊದಲು ಅಡ್ಡ ಬಂತು. ಸೇವಂತಿಗೆ, ಆಸ್ಟರ್ ಅರಳಿದ ಮೇಲೆ ಕೊಯ್ಯುವ ಹೂಗಳು. ಕಾಸ್ಮೋಸ್ ಅರಳಿದ ಮೇಲೆ ಕೊಯ್ದರೆ ತಡವಾಯಿತು ಎಂದೇ ಅರ್ಥ. ಮೊಗ್ಗಿಗೆ ಬಣ್ಣ ಪೂರ್ತಿ ಬಂದಿರಬೇಕು. ಎಸಳು ಆಗ ತಾನೇ ಸಡಿಲಾಗಿ, ಒಂದೆರಡು ಹೊರಕ್ಕೆ ಬಾಗಲು ಶುರುವಾಗಿರಬೇಕು. ಆ ಹಂತದಲ್ಲಿ ಕೊಯ್ದರೆ ನೀರಿನಲ್ಲಿ ಅರಳಿ ನಾಲ್ಕೈದು ದಿನ ನಿಲ್ಲುತ್ತದೆ, ಕೆಲವೊಮ್ಮೆ ಆರು.

ಇದಕ್ಕೆ ಕಾರಣ ಜೇನು. ಕಾಸ್ಮೋಸ್ ತನ್ನದೇ ಪರಾಗದಿಂದ ಬೀಜ ಕಟ್ಟದ ಗಿಡ. ಬೇರೆ ಗಿಡದ ಪರಾಗ ಬೇಕು, ಅದನ್ನು ತರಲು ಜೇನು ಬೇಕು. ಹಾಗಾಗಿ ಹೂವು ಜೇನನ್ನು ಕರೆಯಲು ತೆರೆದ ತಟ್ಟೆಯಂತೆ ಅರಳುತ್ತದೆ. ಪರಾಗ ತಗುಲಿದ ಮೇಲೆ ಎಸಳಿನ ಕೆಲಸ ಮುಗಿಯಿತು, ಬೇಗ ಉದುರುತ್ತದೆ. ತೋಟದಲ್ಲಿ ಒಂದು ಬೆಳಗ್ಗೆ ಪೂರ್ತಿ ಅರಳಿ ತುಡುವೆ ಜೇನು ಕೂತು ಹೋದ ಹೂವು ಕೊಳ್ಳುವವರ ಕೈಸೇರುವಷ್ಟರಲ್ಲಿ ಉದುರಲು ಸಿದ್ಧವಾಗಿರುತ್ತದೆ. ಅದಕ್ಕೇ ಬೆಳಕು ಹರಿಯುತ್ತಿದ್ದಂತೆ ಕತ್ತರಿ ಹಿಡಿಯಬೇಕು, ಬಿಸಿಲು ಏರುವ ಮೊದಲು ಮುಗಿಸಬೇಕು. ಅರಳಿ ಹೋದದ್ದನ್ನೂ ಕೊಯ್ದು ಪಕ್ಕಕ್ಕೆ ಹಾಕಲೇಬೇಕು. ಗಿಡದಲ್ಲಿ ಬೀಜ ಕಟ್ಟಲು ಬಿಟ್ಟರೆ ಹೊಸ ಮೊಗ್ಗು ಕಡಿಮೆಯಾಗುತ್ತದೆ.

ಎಲ್ಲಿ ಕತ್ತರಿಸುವುದು ಎಂಬುದೂ ಮುಖ್ಯ. ಉದ್ದ ಕಡ್ಡಿ ಬೇಕೆಂದರೆ ಕವಲಿನ ಬುಡದ ಹತ್ತಿರ, ಒಂದು ಗೆಣ್ಣು ಉಳಿಸಿ ಕತ್ತರಿಸಬೇಕು. ಹಾಗೆ ಕತ್ತರಿಸುವಾಗ ಪಕ್ಕದ ಎಳೆ ಮೊಗ್ಗುಗಳೂ ಜೊತೆಗೆ ಬರುತ್ತವೆ. ಕೊಯ್ಲಿಗೆ ಬಂದ ಹೆಂಗಸರಿಗೆ ಇದು ಹೊಟ್ಟೆ ಉರಿಯುವ ಕೆಲಸ. "ಅಯ್ಯೋ, ಇಷ್ಟು ಮೊಗ್ಗು ಹಾಳು ಮಾಡ್ತೀಯಲ್ಲಮ್ಮಾ" ಎಂದು ಒಬ್ಬಾಕೆ ಗದರಿದರಂತೆ. ಆದರೆ ಮೊಗ್ಗು ಉಳಿಸಲು ಮೇಲೆ ಮೇಲೆ ಕತ್ತರಿಸುತ್ತಾ ಹೋದರೆ ಎರಡನೇ ವಾರಕ್ಕೆ ಎಲ್ಲ ಕಡ್ಡಿ ಗೇಣುದ್ದಕ್ಕೆ ಇಳಿಯುತ್ತದೆ.

ಕೊಯ್ದ ಕಡ್ಡಿ ನೀರಿಲ್ಲದೆ ಹತ್ತು ನಿಮಿಷ ಇದ್ದರೂ ತಲೆ ಬಗ್ಗಿಸುತ್ತದೆ. ಹೀಗಾಗಿ ಬಕೆಟ್ ಮಡಿಯವರೆಗೆ ಹೋಗಬೇಕು, ಹೂವು ಬಕೆಟ್‌ನವರೆಗೆ ಬರುವುದಲ್ಲ. ಕೆಳಗಿನ ಎಲೆ ಸವರಿ, ತೊಳೆದ ಬಕೆಟ್‌ನಲ್ಲಿ ಶುದ್ಧ ನೀರಿಗೆ ಇಟ್ಟು, ನೆರಳಲ್ಲಿ ಮೂರು ನಾಲ್ಕು ಗಂಟೆ ನೀರು ಕುಡಿಯಲು ಬಿಡುತ್ತಾರೆ. ಆಮೇಲೆ ಹತ್ತರ ಕಟ್ಟು. ಬಕೆಟ್ ತೊಳೆಯುವುದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಲೋಳೆ ಹಿಡಿದ ನೀರು ತೆಳು ಕಡ್ಡಿಯ ಬಾಯಿ ಮುಚ್ಚಿಬಿಡುತ್ತದೆ. ಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿ ಕಳಿಸುವ ಹೂವು ಇದಲ್ಲ. ಬೆಂಗಳೂರಿಗೆ ಸುಮಾರು 60 ಕಿಲೊಮೀಟರ್, ಬಕೆಟ್‌ನಲ್ಲಿ ನಿಂತುಕೊಂಡೇ ಹೋಗಬೇಕು. ಇವರ ಕಾಸ್ಮೋಸ್ ಉಳಿದದ್ದೇ, ವಾರಕ್ಕೆ ಎರಡು ಸಲ ಸೇವಂತಿಗೆ ತುಂಬಿ ಹೇಗೂ ಬೆಂಗಳೂರಿಗೆ ಹೋಗುವ ಗೂಡ್ಸ್ ಆಟೊದಲ್ಲಿ ಮೂಲೆಯಲ್ಲಿ ಜಾಗ ಸಿಕ್ಕಿದ್ದರಿಂದ.

ಎಷ್ಟು ಬೆಳೆಯಬೇಕು?

ನನ್ನ ಮಟ್ಟಿಗೆ ಈ ಪ್ರಕರಣದ ಅತಿ ಉಪಯುಕ್ತ ಭಾಗ ಇದೇ. ಮಡಿ, ದಾರಿ ಎಲ್ಲ ಲೆಕ್ಕ ಹಾಕಿದರೆ ಒಂದು ಗುಂಟೆಯಲ್ಲಿ 700ಕ್ಕೂ ಸ್ವಲ್ಪ ಹೆಚ್ಚು ಗಿಡ. ಕೊಯ್ಲಿನ ಉಚ್ಚ ಕಾಲದಲ್ಲಿ ಗಿಡಕ್ಕೆ ವಾರಕ್ಕೆ ಎರಡು ಒಳ್ಳೆ ಕಡ್ಡಿ ಎಂದಿಟ್ಟುಕೊಂಡರೂ ಸುಮಾರು 1,400 ಕಡ್ಡಿ, ಹತ್ತರಂತೆ 140 ಕಟ್ಟು. ಅಲಂಕಾರದ ಹುಡುಗಿ ಮತ್ತು ಅವಳ ಮೂಲಕ ಬಂದ ಇಬ್ಬರು ಬೊಕೆಯವರು ಸೇರಿ ವಾರಕ್ಕೆ ಕೊಳ್ಳುತ್ತಿದ್ದದ್ದು 70, 80 ಕಟ್ಟು. ಅಂದರೆ ಒಂದೇ ಗುಂಟೆಯೂ ಜಾಸ್ತಿಯೇ. ಮೊದಲ ವರ್ಷ ಐದು ಗುಂಟೆಯಲ್ಲಿ ಕಡ್ಡಿ ಉದ್ದ ಬಂದಿದ್ದರೂ ಹೆಚ್ಚಿನ ಪಾಲು ಹೂವು ತಿಪ್ಪೆಗೇ ಹೋಗುತ್ತಿತ್ತು. ಸೇವಂತಿಗೆ ಜಾಸ್ತಿ ಬೆಳೆದರೆ ಬೆಲೆ ಬಿದ್ದರೂ ಮಂಡಿಯಲ್ಲಿ ಮಾರಬಹುದು. ಕಾಸ್ಮೋಸ್ ಜಾಸ್ತಿ ಬೆಳೆದರೆ ಹೋಗಲು ಜಾಗವೇ ಇಲ್ಲ.

ಕಟ್ಟಿಗೆ 50 ರೂಪಾಯಿಯಂತೆ ಮಾತಾಯಿತು. ವಾರಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ. ಎರಡು ಕಂತು ಸೇರಿ ಕೊಯ್ಲು ಸಂಕ್ರಾಂತಿ ದಾಟಿ ಸ್ವಲ್ಪ ದಿನ ನಡೆಯಿತು. ಬೀಜ, ಕರೆಂಟು, ಬಲೆ, ಕೊಯ್ಲಿನ ಕೂಲಿ ಕಳೆದರೂ ಒಂದು ಗುಂಟೆ ಲೆಕ್ಕಕ್ಕೆ ಸೇವಂತಿಗೆಗಿಂತ ಹೆಚ್ಚೇ ಉಳಿಯಿತು. ಆದರೆ ಆ ಗುಂಟೆಯನ್ನು ಹತ್ತರಿಂದ ಗುಣಿಸಲು ಬರುವುದಿಲ್ಲ. ಎಕರೆಗೆ ಇಷ್ಟು ಲಕ್ಷ ಎಂದು ಯಾರಾದರೂ ಕಾಸ್ಮೋಸ್ ಬಗ್ಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಕೊಳ್ಳುವವರ ಸಂಖ್ಯೆ ಎಷ್ಟೋ ಅಷ್ಟೇ ಗುಂಟೆ.

ಬಲ್ಬಿನ ಖರ್ಚೂ ಹೀಗೆಯೇ. ಸೇವಂತಿಗೆಗೆ ಹಾಕಿದ ವೈರು, ಟೈಮರ್, ಗೂಟ ಮೊದಲೇ ಇದ್ದದ್ದರಿಂದ ಇವರಿಗೆ ಲಾಭ ಕಂಡಿತು. ಅದೇನೂ ಇಲ್ಲದವರು ಕಾಸ್ಮೋಸ್ ಒಂದಕ್ಕೇ ವೈರಿಂಗ್ ಮಾಡಿಸಿದರೆ ಖರ್ಚು ಹುಟ್ಟುವುದು ಕಷ್ಟ ಎಂದೇ ನನ್ನ ಅಭಿಪ್ರಾಯ. ಈ ಬೆಳೆ ಸೇವಂತಿಗೆ ಬೆಳೆಯುವವರ ಪಕ್ಕದ ಬೆಳೆಯಾಗಿ ಚೆನ್ನ.

ಬಣ್ಣ, ರೋಗ, ಬೀಜ

ಬಣ್ಣದ ವಿಷಯದಲ್ಲಿ ಮಿಶ್ರ ಪೊಟ್ಟಣ ಬೇಡ. ಮದುವೆಯವರು ಬಿಳಿ ಎಂದರೆ ಬಿಳಿಯೇ ಬೇಕು. ಮಿಶ್ರ ಮಡಿಯಲ್ಲಿ ಬಿಳಿ ಎಷ್ಟು ಬರುತ್ತದೆ ಎಂದು ಮೊದಲೇ ಹೇಳಲಾಗದು. ಮೂರನೇ ಹಂಗಾಮಿನಲ್ಲಿ ಅರ್ಧ ಜಾಗಕ್ಕೆ ಪ್ಯೂರಿಟಿ ಎಂಬ ಬಿಳಿ ತಳಿ, ಉಳಿದದ್ದಕ್ಕೆ ಗುಲಾಬಿ ಮತ್ತು ಕಡುಗೆಂಪು ಬೇರೆ ಬೇರೆ ಹಾಕಿದರು. ಸೆನ್ಸೇಷನ್ ಎಂಬ ಹಳೆಯ ಎತ್ತರದ ತಳಿ 1936ರಲ್ಲಿ, ಒಳ್ಳೆಯ ಹೊಸ ತಳಿಗಳಿಗೆ ಕೊಡುವ ಅಮೆರಿಕದ ಆಲ್-ಅಮೆರಿಕಾ ಸೆಲೆಕ್ಷನ್ಸ್ ಪ್ರಶಸ್ತಿ ಪಡೆದದ್ದು, ಈಗಲೂ ಕೊಯ್ಲಿಗೆ ಚೆನ್ನಾಗಿದೆ. ಸೊನಾಟಾದಂಥವು ಕುಂಡದ ಗಿಡ್ಡ ತಳಿಗಳು. ಎಷ್ಟು ಬೆಳಕು ಕೊಟ್ಟರೂ ಅವುಗಳಿಂದ ಉದ್ದ ಕಡ್ಡಿ ನಿರೀಕ್ಷಿಸಬಾರದು.

ಸಸ್ಯಹೇನು, ಥ್ರಿಪ್ಸ್ ಬಂದವು, ಬೇವಿನೆಣ್ಣೆಗೆ ಹತೋಟಿಗೂ ಬಂದವು. ಜನವರಿಯ ಇಬ್ಬನಿಗೆ ಎಲೆಯ ಮೇಲೆ ಬೂದಿ ರೋಗ ಕಂಡಿತು. ಆಗ ಕೊಯ್ಲು ಮುಗಿಯುವ ಹಂತ, ತಲೆಕೆಡಿಸಿಕೊಳ್ಳಲಿಲ್ಲ. ಹೆದರಬೇಕಾದದ್ದು ಬೇರೆ. ಕೆಲವು ಗಿಡಗಳಲ್ಲಿ ಎಸಳಿನ ಜಾಗದಲ್ಲಿ ಹಸಿರು ಎಲೆಯಂಥದ್ದು ಬಂದು, ಗಿಡ ಪೊರಕೆಯಂತಾಯಿತು. ಇದು ಜಿಗಿಹುಳು ಹರಡುವ, ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರುವ ರೋಗ. ಔಷಧಿ ಇಲ್ಲ. ಇದೇ ರೀತಿಯ ರೋಗ ಆಸ್ಟರ್‌ಗೂ ಬರುತ್ತದೆ. ಆಸ್ಟರ್ ಮಡಿ ಪಕ್ಕದಲ್ಲೇ ಇದ್ದದ್ದರಿಂದ ಅಕ್ಕ ಕಂಡ ದಿನವೇ ಆ ಗಿಡಗಳನ್ನು ಕಿತ್ತು ಸುಟ್ಟರು. ಆಸ್ಟರ್ ಬೆಳೆಯುವವರು ಕಾಸ್ಮೋಸ್ ಅನ್ನು ಅದರಿಂದ ದೂರ ಇಡುವುದು ಒಳ್ಳೆಯದು.

ಬೀಜ ಸ್ವಂತದ್ದು ಹಿಡಿಯಬಹುದಾ ಎಂದು ಅಕ್ಕ ಕೇಳಿದರು. ಹಿಡಿಯಬಹುದು, ಆದರೆ ಮೇಲೆ ಹೇಳಿದ ಅದೇ ಜೇನಿನ ಕಾರಣಕ್ಕೆ ಬಿಳಿ ಗಿಡದ ಬೀಜದಲ್ಲಿ ಗುಲಾಬಿ ನುಸುಳುತ್ತದೆ, ಎತ್ತರವೂ ಹೆಚ್ಚುಕಡಿಮೆ ಆಗುತ್ತದೆ. ಮನೆಯಂಗಳಕ್ಕೆ ಸರಿ, ಆರ್ಡರ್ ಹಿಡಿದವರಿಗೆ ಸರಿಹೋಗದು. ಒಂದು ಗ್ರಾಮಿಗೆ 150ರ ಆಸುಪಾಸು ಬೀಜ ಸಿಗುವುದರಿಂದ ಒಂದು ಗುಂಟೆಗೆ ಏಳೆಂಟು ಗ್ರಾಂ ಸಾಕು. ಅಷ್ಟಕ್ಕೆ ಒಳ್ಳೆ ಬೀಜವನ್ನೇ ಕೊಳ್ಳುವುದು ಮೇಲು.

ಕಿತ್ತಳೆ ಬಣ್ಣದ ಸಲ್ಫ್ಯೂರಿಯಸ್ ಬಿಸಿಲಿಗೆ ಇನ್ನೂ ಗಟ್ಟಿ, ಬೇಸಿಗೆಗೆ ಅದನ್ನು ಹಾಕೋಣ ಎಂಬ ಯೋಚನೆಯೂ ಮನೆಯಲ್ಲಿ ಬಂತು. ನಾನು ಬೇಡ ಅಂದೆ. ಅದರ ಬೀಜಕ್ಕೆ ಕೊಕ್ಕೆಯಂಥ ಮುಳ್ಳಿದೆ, ಬಟ್ಟೆಗೆ, ದನದ ಮೈಗೆ ಅಂಟಿ ಹೋಗುತ್ತದೆ. ಪುಣೆ ಸುತ್ತಲಿನ ಗುಡ್ಡಗಳಲ್ಲಿ ಅದು ಹಬ್ಬಿ ಅಲ್ಲಿನ ಹುಲ್ಲು, ಸಣ್ಣ ಹೂಗಿಡಗಳ ಜಾಗ ತಿನ್ನುತ್ತಿದೆ. ನಂದಿ ಬೆಟ್ಟದ ಸಾಲು ಈ ಊರಿಗೆ ಕಣ್ಣಳತೆಯಲ್ಲಿದೆ. ಅಲ್ಲಿಗೆ ಈ ಗಿಡ ಏರುವುದು ಬೇಡ. ಬೈಪಿನ್ನೇಟಸ್ ಬೆಳೆಯುವವರೂ ಕೊಯ್ಲು ಮುಗಿದ ಮೇಲೆ ಮಡಿಯನ್ನು ಬೀಜಕ್ಕೆ ಬಿಡದೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು.

ಈಗ ಆ ಮನೆಯಲ್ಲಿ ಕಾಸ್ಮೋಸ್‌ಗೆ ಎರಡೇ ಗುಂಟೆ, ಒಂದೊಂದು ಗುಂಟೆಗೆ ಮೂರು ವಾರದ ಅಂತರ. ಬಿಳಿಯ ಪಾಲು ಜಾಸ್ತಿ. ಉಳಿದ ಮೂರು ಗುಂಟೆ ಸೇವಂತಿಗೆಗೆ ವಾಪಸ್ ಹೋಗಿದೆ. ಕೊಯ್ಲನ್ನು ಅಕ್ಕನೇ ನಿಂತು ಮಾಡಿಸುತ್ತಾರೆ, ಬಲ್ಬಿನ ಟೈಮರ್ ನೋಡಿಕೊಳ್ಳುವುದು ಯಜಮಾನರ ಪಾಲಿಗೆ ಬಂದಿದೆ. ಇನ್ನೂ ಬಗೆಹರಿಯದ್ದು ಫೆಬ್ರುವರಿಯ ಕೊಯ್ಲು. ಬಿಸಿಲು ಏರುತ್ತಿದ್ದಂತೆ ಹೂವಿನ ಗಾತ್ರ ಕಿರಿದಾಗುತ್ತದೆ, ಹೂದಾನಿಯಲ್ಲಿ ಬಾಳಿಕೆ ಮೂರು ದಿನಕ್ಕೆ ಇಳಿಯುತ್ತದೆ. ಎರಡನೇ ಕಂತಿನ ಕೊನೆಯ ಭಾಗಕ್ಕೆ ಮಧ್ಯಾಹ್ನ ಮಾತ್ರ ನೆರಳು ಬೀಳುವಂತೆ ನೆರಳುಬಲೆ ಎಳೆದು ನೋಡುವ ಯೋಚನೆಯಲ್ಲಿ ಅವರಿದ್ದಾರೆ.